ಅಜ್ಜಿ ಹಾಕದ ಒಂಬತ್ತು ಸಹಿ

ಪಿಎಚ್‌ಡಿಗೆ ಸೇರಿದ ದಿನವೇ ಅಪ್ಪ ಹೇಳಿಬಿಟ್ಟಿದ್ದರು: ಫೆಲೋಶಿಪ್ ಬರುತ್ತಿರುವವರೆಗೆ ಓದು, ನಿಂತರೆ ಮದುವೆ. ಸರ್ಜಾಪುರದ ಗಂಡಿನ ಜಾತಕ ಆಗಲೇ ದೇವರ ಗೂಡಿನಲ್ಲಿತ್ತು.

ಆ ಫೆಲೋಶಿಪ್ ಬರಬೇಕಾದರೆ ತಿಂಗಳು ತಿಂಗಳೂ ಹಾಜರಾತಿ ಪತ್ರಕ್ಕೆ ಗೈಡ್ ಸಹಿ ಹಾಕಬೇಕು. ನಮ್ಮ ಗೈಡ್ ಮಹಾಶಯರು ತಿದ್ದಬೇಕಾದ ಉತ್ತರಪತ್ರಿಕೆಗಳನ್ನು ನಾನೇ ತಿದ್ದಿದೆ, ಅವರ ತರಗತಿಗಳನ್ನೂ ನಾನೇ ತೆಗೆದುಕೊಂಡೆ. ಅವರ ಹೆಸರಿನಲ್ಲಿ ಲೇಖನ ಬರೆದುಕೊಡು ಎಂದಾಗ ಮಾತ್ರ ಆಗುವುದಿಲ್ಲ ಎಂದೆ. ಅಲ್ಲಿಂದ ಶುರುವಾಯಿತು.

"ಸೈನ್ ಎಲ್ಲಿಗೆ ಹೋಗುತ್ತಮ್ಮ, ನಾಳೆ ಬಾ."

ಮೂರು ತಿಂಗಳ ಪತ್ರ ಹಾಗೇ ಉಳಿಯಿತು. ದುಡ್ಡು ನಿಂತಿತು. ಅಪ್ಪ ಜಾತಕವನ್ನು ಗೂಡಿನಿಂದ ಕೆಳಗಿಳಿಸಿದರು. ಸಂಜೆ ಹೊತ್ತು ಅಜ್ಜಿಯ ಮುಂದೆ ಎಲ್ಲವನ್ನೂ ಹೇಳಿಕೊಂಡು ಅತ್ತರೆ ಅವಳು ಕೇಳುತ್ತಿದ್ದದ್ದು ಒಂದೇ: "ಇವತ್ತೂ ನಾಳೆ ಬಾ ಅಂದ್ನಾ?"

ಅವರೆಕಾಯಿ ಕಾಲ ಮುಗಿಯುತ್ತ ಬಂದಾಗ ಗೈಡ್ ಸಿಂಗಸಂದ್ರದ ನಮ್ಮ ಮನೆ ಬಾಗಿಲಿಗೇ ಬಂದರು. ನಮ್ಮ ರಾಗಿ ಹೊಲವಿದ್ದ ಜಾಗದಲ್ಲಿ ಅಜ್ಜಿ ಹೆಸರಿಗೆ ಕಟ್ಟಿಸಿದ ಬಿಲ್ಡಿಂಗಿನಲ್ಲಿ ಅವರು ಬಾಡಿಗೆಗಿದ್ದರು. ವ್ಯವಹಾರವೆಲ್ಲ ಚಿಕ್ಕಪ್ಪನದು. ನಾನು ಯಾರ ಮೊಮ್ಮಗಳೆಂದು ಅವರಿಗೆ ಗೊತ್ತಿರಲಿಲ್ಲ, ನಾನೂ ಹೇಳಿರಲಿಲ್ಲ. ವರ್ಷದ ಹನ್ನೆರಡು ಬಾಡಿಗೆ ರಸೀದಿಗೆ ಮಾಲೀಕರ ಸಹಿ ಹಾಕಿಸಿ ಕಾಲೇಜಿಗೆ ಕೊಡದಿದ್ದರೆ ಅವರ ಸಂಬಳದಲ್ಲಿ ಹೆಚ್ಚು ತೆರಿಗೆ ಮುರಿಯುತ್ತಾರೆ; ಬಂದದ್ದು ಅದಕ್ಕೇ.

ನಾನು ಕಾಫಿ ತಂದೆ. ನನ್ನನ್ನು ನೋಡಿ ಅವರ ಕೈ ಲೋಟದ ಹತ್ತಿರವೇ ನಿಂತಿತು.

"ನನ್ ಮೊಮ್ಮಗ್ಳು ಸಾರ್," ಎಂದಳು ಅಜ್ಜಿ. "ನಿಮ್ಮತ್ರನೇ ಓದದು. ದಿನಾ ನಿಮ್ದೇ ಮಾತು."

"ಒಳ್ಳೇ ಹುಡುಗಿ ಅಮ್ಮಾ."

"ಕುಂತ್ಕಳಿ. ಕೈ ಖಾಲಿ ಐತಲ್ಲ, ಅಂಗೇ ನಾಕ್ ಅವರೆಕಾಯಿ ಸುಲೀರಿ."

ಅರ್ಧ ಗಂಟೆ ಸುಲಿದರು. ಹುಳ ಬಿದ್ದ ಕಾಳನ್ನೂ ಒಳ್ಳೆಯದರ ಜೊತೆಗೇ ಹಾಕಿದರು. ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. "ಸೈನು ಎಲ್ಲೋಯ್ತದೆ ಸಾರ್, ನಾಳೆ ಬನ್ನಿ."

ಮಾರನೆಯ ದಿನವೂ ಬಂದು ಸುಲಿದು ಹೋದರು. ಮೂರನೆಯ ದಿನ ಬ್ಯಾಗಿನಿಂದ ನನ್ನ ಮೂರೂ ಹಾಜರಾತಿ ಪತ್ರ ತೆಗೆದು ಕೊಟ್ಟರು, ಸಹಿ, ಸೀಲು ಸಮೇತ.

"ನಾಳೆನೇ ಕೊನೇ ದಿನ ಅಮ್ಮಾ."

ಅಜ್ಜಿ ಆ ಪತ್ರಗಳನ್ನು ನನ್ನಿಂದ ಗಟ್ಟಿಯಾಗಿ ಓದಿಸಿದಳು. ಆಮೇಲೆ ಪೆನ್ನು ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಮೂರು ರಸೀದಿಗೆ ಸಹಿ ಹಾಕಿ ಕ್ಯಾಪ್ ಮುಚ್ಚಿದಳು.

"ಇನ್ನೂ ಒಂಬತ್ತು ಇದೆಯಲ್ಲಮ್ಮಾ."

"ಮೂರಕ್ಕೆ ಮೂರು ಆಯ್ತಲ್ಲ ಸಾರ್. ಮಿಕ್ಕಿದ್ದು ಇಲ್ಲೇ ಇರ್ಲಿ, ಇವಳ ದುಡ್ಡು ಬಂದ್ಮೇಲೆ ಹಾಕ್ತೀನಿ."

ಅವರು ನನ್ನ ಮುಖ ನೋಡಿದರು. ನಾನೊಂದು ಮಾತು ಹೇಳಿದ್ದರೆ ಅಜ್ಜಿ ಹಾಕಿಬಿಡುತ್ತಿದ್ದಳು. ನಾನು ಸಿಪ್ಪೆ ಗುಡಿಸತೊಡಗಿದೆ.

ದುಡ್ಡು ಬಂದದ್ದು ಏಪ್ರಿಲ್‌ನಲ್ಲಿ. ಜಾತಕ ಸರ್ಜಾಪುರಕ್ಕೆ ವಾಪಸು ಹೋಯಿತು. ಅಷ್ಟರಲ್ಲಿ ಅವರ ಸಂಬಳಕ್ಕೆ ಕತ್ತರಿ ಬಿದ್ದಾಗಿತ್ತು. ರಸೀದಿ ಕೇಳಲು ಮತ್ತೆ ಬರಲಿಲ್ಲ. ನನ್ನ ಪತ್ರ ಮಾತ್ರ ಆಮೇಲೆ ಅವರ ಮೇಜಿನ ಮೇಲೆ ಒಂದು ದಿನವೂ ಕೂರಲಿಲ್ಲ.

ಆ ಒಂಬತ್ತು ರಸೀದಿ ಈಗಲೂ ನನ್ನ ಥೀಸಿಸ್ ಫೈಲಿನಲ್ಲಿವೆ. ಬಂದು ಕೇಳಿದರೆ ಖಂಡಿತ ಕೊಡುತ್ತೇನೆ, ನಾಳೆ.