ಹೆಡತಲೆಯ ಕರೆಂಟಿಗೆ ಒಗ್ಗುವ ಕಂಪ್ಯೂಟರು

ಆಗ ತಾನೇ ಬೆಳಕು ಹರಿಯುತ್ತಿದೆ. ಹೆಡತಲೆ ಎಂಬ ಹಳ್ಳಿಯ ಮನೆಯೊಂದರ ಒಳಕೋಣೆಯಲ್ಲಿ ಯಶೋಧರಾ ಚಾಪೆಯ ಮೇಲೆ ಕೂತಿದ್ದಾರೆ. ಎದುರಿಗೆ ಮಗ್ಗುಲು ಬಿಚ್ಚಿದ ಕಂಪ್ಯೂಟರ್. ಅವರ ಕಣ್ಣು ಮಾತ್ರ ಸೂರಿಗೆ ನೇತುಹಾಕಿದ ಬಲ್ಬಿನ ಮೇಲಿದೆ. ಈ ಯಂತ್ರವನ್ನು ಜೋಡಿಸಿ ಕೊಟ್ಟವರು ಅವರೇ. ನಂಜನಗೂಡಿನ ಅಂಗಡಿಯಲ್ಲಿ ಇಡೀ ದಿನ ತಕರಾರಿಲ್ಲದೆ ಓಡಿದ್ದು ಇಲ್ಲಿ ಆಟದ ನಡುವೆ ಪಟ್ಟನೆ ಆರಿಹೋಗುತ್ತದೆ. ಮಂಚದ ಮೇಲೆ ಮನೆಯ ಮಗ ಗಂಗಾಧರಸ್ವಾಮಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾನೆ.

ಯಶೋಧರಾ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಟಿ.ವಿ.ಯ ಬೋರ್ಡುಗಳಿಗೆ ಬೆಸುಗೆ ಹಾಕುತ್ತಿದ್ದವರು. ಕಾರ್ಖಾನೆ ಮುಚ್ಚಿದಾಗ ಕೈಯಲ್ಲಿ ಉಳಿದದ್ದು ಬೆಸುಗೆ ಕಡ್ಡಿ, ಕಣ್ಣಲ್ಲಿ ಉಳಿದದ್ದು ಹೊಗೆಯ ಉರಿ. ಟೈಪಿಂಗ್ ಶಾಲೆಯವರು ಮೂಲೆಗೆ ಎಸೆದಿದ್ದ ಕಂಪ್ಯೂಟರುಗಳನ್ನು ಬಿಚ್ಚಿ, ಕೂಡಿಸಿ, ಕೆಡಿಸಿ ಕಲಿತರು. ಈಗ, 2005ರಲ್ಲಿ, ನಂಜನಗೂಡು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬೋರ್ಡಿಲ್ಲದ ಅಂಗಡಿ. ತಿಂಗಳಿಗೆ ಆರೇಳು ಹೊಸ ಯಂತ್ರ, ವಾರಕ್ಕೊಮ್ಮೆ ಸಾಮಾನಿಗೆ ಬೆಂಗಳೂರಿನ ಎಸ್.ಪಿ. ರಸ್ತೆ. ಕೆಲಸಕ್ಕೆ ಕೂರುವ ಮುಂಚೆ ಬಳೆ ಬಿಚ್ಚಿಟ್ಟು ಕಿಟಕಿಯ ಕಂಬಿ ಮುಟ್ಟುತ್ತಾರೆ. ಮೈಯ ಕರೆಂಟು ಬೋರ್ಡಿಗೆ ಹರಿಯಬಾರದಲ್ಲ, ಅದಕ್ಕೆ. ನೋಡಿದವರು ಯಾವುದೋ ಹರಕೆ ಅಂದುಕೊಳ್ಳುತ್ತಾರೆ. "ಗಂಡಸ್ರು ಯಾರೂ ಇಲ್ವೇನಮ್ಮ?" ಎಂದು ಕೇಳುವವರು ಇವತ್ತಿಗೂ ಇದ್ದಾರೆ. "ಅವ್ರು ಮನೇಲಿ ಅನ್ನಕ್ಕಿಟ್ಟವ್ರೆ, ನೀವ್ ಯೋಳಿ" ಎಂಬುದು ಸಿದ್ಧ ಉತ್ತರ.

ಗಂಗಾಧರನ ಅಕ್ಕ ರುದ್ರಾಣಿ ಸುತ್ತೂರಿನ ಕಡೆ ಶಾಲೆಯೊಂದರಲ್ಲಿ ಟೀಚರ್. ತಿ. ನರಸೀಪುರದ ಟೂರ್ನಮೆಂಟುಗಳಲ್ಲಿ ವಿಕೆಟ್ ಹಿಂದೆ ನಿಂತು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ ತಮ್ಮ, ತಾನು ಕೂತಿದ್ದ ಕಬ್ಬಿನ ಟ್ರ್ಯಾಕ್ಟರ್ ಮಗುಚಿದ ಮೇಲೆ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ. ಮಾತಾಡುವುದನ್ನೂ ಬಿಟ್ಟ. ಮೈಸೂರಿನ ಆಸ್ಪತ್ರೆಗೆ ಹೋದಾಗ ನೆಂಟರ ಮನೆಯ ಕಂಪ್ಯೂಟರಿನಲ್ಲಿ ಕ್ರಿಕೆಟ್ ಆಡಿ, "ಅಕ್ಕಾ, ಇನ್ನೊಂದು ಓವರ್" ಎಂದನಂತೆ. ಅಷ್ಟು ತಿಂಗಳಲ್ಲಿ ಅವನಾಗಿ ಕೇಳಿದ್ದು ಅದೊಂದೇ. ಆ ಮಾತಿನ ಬೆನ್ನು ಹತ್ತಿ ರುದ್ರಾಣಿ ಅಂಗಡಿಗೆ ಬಂದಿದ್ದರು.

ಇದ್ದ ದುಡ್ಡಿನಲ್ಲಿ ಆಟದ ಯಂತ್ರ ಕಟ್ಟುವಾಗ ಒಂದು ಕಡೆ ಹಿಡಿದರೆ ಇನ್ನೊಂದು ಕಡೆ ಬಿಡಬೇಕು. ರುದ್ರಾಣಿಗೆ ದೀಪ ಮಿನುಗುವ ಕ್ಯಾಬಿನೆಟ್, ತೆಳು ಮಾನಿಟರ್ ಮೇಲೆ ಆಸೆ. "ಟೀಚರಮ್ಮ, ಮದುವಣಗಿತ್ತಿ ನೋಡೋಕ್ ಬಂದು ಚಪ್ಪರ ನೋಡ್ತಾ ನಿಂತಂಗಾಯ್ತು" ಎಂದು ಯಶೋಧರಾ ನಕ್ಕಿದ್ದರು. ಮಾನಿಟರ್ ಹಳೆಯದು, ಸ್ಪೀಕರ್ ಸಾದಾ. ಉಳಿದ ದುಡ್ಡನ್ನೆಲ್ಲ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಸುರಿದರು. ಕರೆಂಟು ಹಂಚುವ ಪವರ್ ಡಬ್ಬ ಮಾತ್ರ ಕ್ಯಾಬಿನೆಟ್ ಜತೆ ಬಂದದ್ದೇ ಸಾಕೆಂದು ಬಿಟ್ಟರು.

ಮನೆಗೆ ಬಂದ ಯಂತ್ರ ಎರಡು ದಿನ ನಡೆಯಿತು. ಆಮೇಲೆ ಅರ್ಧ ಆಟಕ್ಕೇ ನಿಲ್ಲತೊಡಗಿತು. ನಾಲ್ಕನೇ ಸಲ ನಿಂತಾಗ ಗಂಗಾಧರ ಮೌಸನ್ನು ದೂರ ತಳ್ಳಿ ಗೋಡೆಗೆ ಮುಖ ತಿರುಗಿಸಿದವನು ಮತ್ತೆ ಇತ್ತ ನೋಡಿಲ್ಲ. ರುದ್ರಾಣಿ ಫೋನಿನಲ್ಲಿ ಅತ್ತದ್ದಕ್ಕೇ ಇವತ್ತು ಯಶೋಧರಾ ಕೋಳಿ ಕೂಗುವ ಮೊದಲೇ ಟಿ.ವಿ.ಎಸ್. ಹತ್ತಿ ಬಂದಿರುವುದು.

ದೂರದಲ್ಲಿ ಪಂಪ್‌ಸೆಟ್ಟು ಗುಂಯ್ಗುಡುತ್ತದೆ. ಬಲ್ಬಿನೊಳಗೆ ತಂತಿ ಮಾತ್ರ ಕೆಂಪಗೆ ಉಳಿಯುತ್ತದೆ. ಚಾಲೂ ಮಾಡಿಟ್ಟಿದ್ದ ಕಂಪ್ಯೂಟರ್ ಆರಿಹೋಗುತ್ತದೆ.

"ಅದ್ಯಾರ್ ಮೋಟ್ರು, ಟೀಚರಮ್ಮ?"

"ನಮ್ಮಪ್ಪಂದೇ" ಎನ್ನುತ್ತಾರೆ ಮಂಚದ ಬಳಿ ನಿಂತ ರುದ್ರಾಣಿ ಮೆಲ್ಲಗೆ.

ಹಳ್ಳಿಗೆ ಹಗಲು ಬರುವುದು ಮನೆದೀಪಕ್ಕಾಗುವಷ್ಟೇ ಕರೆಂಟು. ಪಂಪಿನ ಕರೆಂಟು ಬರುವುದು ರಾತ್ರಿ. ಕಾಯಲಾಗದವರು ಮೋಟಾರಿಗೆ ಕಂಡೆನ್ಸರ್ ಕಟ್ಟಿ ಹಗಲಿನ ಕರೆಂಟಿನಲ್ಲೇ ತಿರುಗಿಸುತ್ತಾರೆ. ಸುತ್ತಲ ಮನೆಗಳ ದೀಪ ಸೊರಗುತ್ತದೆ. ಎಲ್ಲರೂ ಮಾಡುವುದರಿಂದ ಯಾರೂ ಯಾರನ್ನೂ ಕೇಳುವುದಿಲ್ಲ.

ಕರೆಸಿದ್ದಕ್ಕೆ ತೋಟದಿಂದ ಬಂದ ಅಪ್ಪ ಶಿವಮಲ್ಲಪ್ಪ ಬಾಗಿಲಲ್ಲೇ ಸಿಡುಕುತ್ತಾರೆ. "ಆಟಕ್ಕೋಸ್ಕರ ಬಾಳೆ ಒಣಗುಸ್ಲಾ?"

"ರಾತ್ರಿ ಬುಡಬೋದಲ್ಲ ಅಪ್ಪಾ ನೀರ?" ಎನ್ನುತ್ತಾರೆ ಯಶೋಧರಾ.

ಮುದುಕರ ದನಿ ಇಳಿಯುತ್ತದೆ. "ರಾತ್ರಿ ನಾನ್ ತ್ವಾಟದಲ್ಲಿದ್ರೆ ಇವ್ನ ಮಗ್ಗುಲ್ ತಿರುಗ್ಸೋರ್ ಯಾರವ್ವ? ಒಂದೇ ಮಗ್ಗುಲಲ್ಲಿ ಮನಗುದ್ರೆ ಹುಣ್ಣಾಯ್ತದೆ ಅಂದವ್ರೆ ಡಾಕ್ಟ್ರು."

ಯಶೋಧರಾ ಸ್ಕ್ರೂಡ್ರೈವರ್ ಕೆಳಗಿಡುತ್ತಾರೆ. "ತಪ್ಪು ನಿಮ್ಮದಲ್ಲ ಅಪ್ಪಾ. ಏನ್ ಆಟ ಆಡ್ತೀರ ಅಂತ ಕೇಳ್ದೆ, ಎಲ್ಲಿ ಆಡ್ತೀರ ಅಂತ ಕೇಳ್ಲೇ ಇಲ್ಲ. ನಂಜನಗೂಡ್ ಕರೆಂಟ್ ನೋಡಿ ಹೆಡತಲೆಗೆ ಸಾಮಾನ್ ಆರುಸ್ಬುಟ್ಟೆ."

ಅಕ್ಕನ ಕೈಲಿ ಇನ್ನು ದುಡ್ಡಿಲ್ಲ. ಇರುವುದರಲ್ಲೇ ಏನಾದರೂ ಬಿಡಬೇಕು. ಏನು ಬಿಡಬೇಕೆಂದು ಯಶೋಧರಾ ಕೇಳುವುದು ಅಕ್ಕನನ್ನಲ್ಲ, ಅಪ್ಪನನ್ನೂ ಅಲ್ಲ. "ಗಂಗಾಧರ, ಈ ಕಡೆ ತಿರುಗಪ್ಪ. ಆಡೋನ್ ನೀನು, ನೀನೇ ಯೋಳ್ಬೇಕು. ದೊಡ್ ಕಾರ್ಡ್ ವಾಪಸ್ ಕೊಟ್ಟು ಚಿಕ್ಕದ್ ಆಕುದ್ರೆ, ಉಳಿದ್ ದುಡ್ನಲ್ಲಿ ಗಟ್ಟಿ ಪವರ್ ಡಬ್ಬ, ಸ್ಟೆಬಿಲೈಸರ್ ಎರಡೂ ಬತ್ತವೆ. ಅಪ್ಪನ ಮೋಟ್ರು ತಿರುಗುದ್ರೂ ಆಟ ನಿಲ್ಲಲ್ಲ. ಆದ್ರೆ ಚಿತ್ರ ಅಷ್ಟ್ ಚೆನ್ನಾಗಿರಲ್ಲ, ಗ್ಯಾಲರೀಲಿ ಜನ ಕಾಣಲ್ಲ."

ಅವನು ಕುತ್ತಿಗೆ ಹೊರಳಿಸುತ್ತಾನೆ. "ನನ್ನ ನೋಡೋ ಜನ ಎಲ್ಲಾ ಬಿದ್ದಾಗ ಎರಡ್ ತಿಂಗ್ಳು ಬಂದು ನೋಡಿದ್ದಾಯ್ತಲ್ಲಕ್ಕ. ಜನ ಬ್ಯಾಡ. ಆಟ ನಿಲ್ಬಾರ್ದು."

ಮುಂದಿನ ವಾರ ಬದಲಿ ಸಾಮಾನಿನೊಂದಿಗೆ ಯಶೋಧರಾ ಮತ್ತೆ ಅದೇ ಚಾಪೆಯ ಮೇಲಿದ್ದಾರೆ. ಸ್ಟೆಬಿಲೈಸರ್ ಟಕ್ಕೆನ್ನುತ್ತದೆ. ಪಂಪ್ ಗುಂಯ್ಗುಡುತ್ತದೆ, ಬಲ್ಬು ಕೆಂಪಗಾಗುತ್ತದೆ, ಪರದೆ ಮಾತ್ರ ಕದಲುವುದಿಲ್ಲ. ದಿಂಬಿಗೆ ಒರಗಿದ ಗಂಗಾಧರ ಖಾಲಿ ಗ್ಯಾಲರಿಯ ಮೈದಾನದಲ್ಲಿ ಮೊದಲ ಓವರನ್ನು ಉಸಿರು ಬಿಗಿಹಿಡಿದು ಆಡುತ್ತಾನೆ. ಎರಡನೆಯ ಓವರಿನಲ್ಲಿ ಎಲ್‌ಬಿಡಬ್ಲ್ಯೂ ಔಟ್.

"ಲೇ ಅಂಪೈರಾ, ಕಣ್ ಕಾಣಲ್ವೇನ್ಲಾ? ಬಾಲು ಬ್ಯಾಟ್ ಸವರ್ಕಂಡ್ ಬಂತು ಕಣ್ಲಾ!"

ಕೂಗು ತೋಟದವರೆಗೂ ಮುಟ್ಟುತ್ತದೆ. ಮಗ ಮಂಚದಿಂದ ಬಿದ್ದನೆಂದೇ ಶಿವಮಲ್ಲಪ್ಪ ಕೆಸರುಗಾಲಲ್ಲಿ ಓಡಿ ಬರುತ್ತಾರೆ. "ಯಾರ್ಗಲಾ ಬೈತಿದ್ದೀಯೆ?"

"ಅಂಪೈರ್‌ಗೆ ಕಣಪ್ಪ! ನೀನೇ ನೋಡ್ಬಾ, ಇದು ಔಟಾ?"

ಮುದುಕರು ಹೊಸಿಲಲ್ಲಿ ನಿಂತೇ ಇದ್ದಾರೆ. ರುದ್ರಾಣಿ ಗಾಬರಿಯಿಂದ ತಮ್ಮನನ್ನು ಸುಮ್ಮನಿರಿಸಲು ಹೋದರೆ ಯಶೋಧರಾ ಅವರ ಸೆರಗು ಹಿಡಿದು ತಡೆಯುತ್ತಾರೆ.

"ಬಯ್ಯಲಿ ಬುಡಿ ಟೀಚರಮ್ಮ. ನನ್ನನ್ ಬಯ್ದಿದ್ರೆ ಕೆಲಸ ಕೆಟ್ಟದೆ ಅಂತಿದ್ದೆ. ಅಂಪೈರ್‌ನ ಬೈತಾವ್ನೆ ಅಂದ್ರೆ ನನ್ ಕೆಲಸ ಸರಿಯಾಗದೆ."