ಇಮೇಲ್ ಥರಾನೇ ಅಂದಿದ್ದೆ

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು. ಯಾರೂ ಕೇಳದಿದ್ದರೂ ಇದನ್ನು ಹೇಳುತ್ತೇನೆ. ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದ್ದೇನೆ. ಸುಗಟೂರಿನಿಂದ ಕೋಲಾರಕ್ಕೆ ದಿನಾ ನಿಂತುಕೊಂಡೇ ಹೋಗಿ ಓದಿದ ಕಂಪ್ಯೂಟರ್ ಡಿಗ್ರಿ, ಸುಮ್ಮನೆ ಬಂದದ್ದಲ್ಲ. ಹಾಗಾಗಿ ಕಾಲೇಜಿನ ಗೆಳೆಯರೆಲ್ಲ ಸೇರಿ ರೇಷ್ಮೆ ಬೆಳೆಗಾರರಿಗೆಂದು ನಮ್ಮದೇ ಒಂದು ಸಾಮಾಜಿಕ ಜಾಲ ಕಟ್ಟಿದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದೊಡ್ಡ ಕಂಪನಿಗಳ ಹಂಗಿಲ್ಲ. ಕೋಲಾರಕ್ಕೆ ನನ್ನದೊಂದು ಸರ್ವರ್. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಕ್ಕೆ ಗೆಳೆಯರದು ಒಂದೊಂದು. ನಾಲ್ಕೂ ತಮ್ಮತಮ್ಮೊಳಗೆ ಮಾತಾಡಿಕೊಳ್ಳುತ್ತವೆ. ಬೆಳೆಗಾರರು ಮಾತ್ರ ಇನ್ನೂ ಸೇರಬೇಕಿತ್ತು.

"ಏನಪ್ಪಾ ಅದು?" ಎಂದು ಅಮ್ಮ ಕೇಳಿದ್ದಳು.

"ಇಮೇಲ್ ಥರಾನೇ ಅಮ್ಮ. ಇಲ್ಲಿ ಹಾಕಿದ್ರೆ ಅಲ್ಲಿಗೆ ತಲುಪ್ತದೆ."

ಅಮ್ಮನಿಗೆ ಇಮೇಲೂ ಗೊತ್ತಿರಲಿಲ್ಲ. ಆದ್ದರಿಂದ ನನ್ನ ವಿವರಣೆ ಯಶಸ್ವಿಯಾಯಿತು.

ಆ ಸಲ ಅಮ್ಮನ ಹುಳ ನಾಲ್ಕನೇ ಜ್ವರದಿಂದ ಎದ್ದಿತ್ತು. ರೇಷ್ಮೆಹುಳ ಪೊರೆ ಬಿಡುವ ಮುಂಚೆ ಮಂಕಾಗಿ ಮಲಗುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಕೊನೆಯ ಜ್ವರದಿಂದ ಎದ್ದದ್ದು ಹಗಲಿರುಳೂ ತಿನ್ನುತ್ತದೆ. ಆಗ ಸೊಪ್ಪು ತಪ್ಪಿದರೆ ಗೂಡು ಕಟ್ಟುವುದಿಲ್ಲ, ಅಷ್ಟೂ ದುಡಿಮೆ ತಿಪ್ಪೆಗೆ. ಅದೇ ಹೊತ್ತಿಗೆ ಪಕ್ಕದ ಟೊಮೇಟೊ ತೋಟಕ್ಕೆ ಹೊಡೆದ ಔಷಧಿ ಗಾಳಿಗೆ ತೇಲಿ ನಮ್ಮ ಹಿಪ್ಪುನೇರಳೆಯ ಮೇಲೆ ಬಿತ್ತು. ತೋಟ ಹಸಿರಾಗಿಯೇ ನಿಂತಿತ್ತು, ಒಂದೆಲೆಯನ್ನೂ ಹುಳಕ್ಕೆ ಹಾಕುವಂತಿರಲಿಲ್ಲ. ಮೊದಲೇ ಕಿತ್ತಿಟ್ಟಿದ್ದು ಸಂಜೆಯವರೆಗೆ ಬರುವಷ್ಟಿತ್ತು.

"ಊರಲ್ಲೆಲ್ಲಾ ಕೇಳ್ದೆ. ಎಲ್ಲರ ಮನೇಲೂ ಹುಳ ತಿಂತಾ ಐತೆ. ಹೊರಗಡೆ ಯಾರಿಗಾದ್ರೂ ಫೋನ್ ಮಾಡೋ."

"ಒಬ್ಬೊಬ್ಬರಿಗೆ ಯಾಕಮ್ಮ? ನಾಲ್ಕು ತಾಲ್ಲೂಕಿಗೂ ಒಂದೇ ಸಲ ಹೇಳ್ತೀನಿ ನೋಡು."

ಸೊಪ್ಪು ತುರ್ತಾಗಿ ಬೇಕು ಎಂದು ಜಾಲದಲ್ಲಿ ಬರೆದೆ. ಓದಿದವನು ಬರೆದದ್ದೆಂದು ಗೊತ್ತಾಗಲಿ ಅಂತ ಔಷಧಿಯ ರಾಸಾಯನಿಕ ಗುಣದ ಬಗ್ಗೆ ಎರಡು ಪ್ಯಾರಾ ಸೇರಿಸಿದೆ. ಪರದೆಯ ಮೇಲೆ ಬಹಳ ಚೆನ್ನಾಗಿ ಕಾಣುತ್ತಿತ್ತು. ಮಧ್ಯಾಹ್ನವಾದರೂ ಒಬ್ಬನೂ ಉಸಿರೆತ್ತಲಿಲ್ಲ.

"ನಿನ್ನ ನಾಲ್ಕು ತಾಲ್ಲೂಕೂ ಉಣ್ಣಕ್ಕೆ ಹೋಗವ್ರಾ?" ಅಂದಳು ಅಮ್ಮ.

ಆಗ ನೆನಪಾಯಿತು. ಮೇಲ್ ಆದರೆ ವಿಳಾಸ ಹಿಡಿದು ನೇರ ಹೋಗುತ್ತದೆ, ಆ ಮನುಷ್ಯ ನಮ್ಮನ್ನು ಫಾಲೋ ಮಾಡುತ್ತಾನೋ ಇಲ್ಲವೋ ವಿಚಾರಿಸುವುದಿಲ್ಲ. ನಮ್ಮ ಜಾಲ ಹಾಗಲ್ಲ, ದಿನಪತ್ರಿಕೆಯ ಕಟ್ಟಿನ ಹಾಗೆ: ಊರಲ್ಲಿ ಒಬ್ಬನಾದರೂ ಚಂದಾದಾರನಿದ್ದರೆ ತಾನೇ ಬಸ್ಸಿನವನು ಅಲ್ಲಿ ಕಟ್ಟು ಇಳಿಸುವುದು? ನನ್ನನ್ನು ಫಾಲೋ ಮಾಡುವವನು ಒಬ್ಬನೂ ಇಲ್ಲದ ಸರ್ವರಿಗೆ ನನ್ನ ಮಾತು ಹೊರಡುವುದೇ ಇಲ್ಲ. ಹೊರಡದ ಮೇಲೆ ತಲುಪಲಿಲ್ಲವೆಂದು ವಾಪಸು ಬರುವುದಾದರೂ ಹೇಗೆ?

ಇದು ಗೆಳೆಯರಿಗೂ ಗೊತ್ತು, ನನಗೂ ಗೊತ್ತು. ಆದರೆ ನಮ್ಮ ಕಡೆ ಮನೆಗೆ ಬಂದು ಕುಂಕುಮ ಕೊಟ್ಟು ಕರೆಯದಿದ್ದರೆ ಅಣ್ಣನ ಮಗಳ ಮದುವೆಗೂ ಹೋಗುವುದಿಲ್ಲ. ಅವರು ಮೊದಲು ಫಾಲೋ ಮಾಡಲಿ ಎಂದು ನಾನು. ನಾನು ಮೊದಲು ಮಾಡಲಿ ಎಂದು ಅವರು. ನಾಲ್ಕು ಡಿಗ್ರಿಗಳು ನಾಲ್ಕು ಊರಲ್ಲಿ ಬಿಗಿದುಕೊಂಡು ಕೂತಿದ್ದವು.

ಮರ್ಯಾದೆ ಬಿಟ್ಟು ಫೋನ್ ಹಿಡಿದೆ. ಮಾಲೂರಿನವನಲ್ಲಿ ಸೊಪ್ಪಿಲ್ಲ, ಮುಳಬಾಗಿಲಿನವನಲ್ಲೂ ಇಲ್ಲ. ದೊಡ್ಡ ತೋಟವಿದ್ದ ಶ್ರೀನಿವಾಸಪುರದವನ ಫೋನ್ ಸ್ವಿಚ್ ಆಫ್. ಅವನಿಗೊಂದು ಮೇಲ್ ಹಾಕಿದೆ, ರಾಸಾಯನಿಕ ಗುಣ ಬಿಟ್ಟು. ಇಂಥ ವಿಳಾಸವಿಲ್ಲ ಎಂದು ತಕ್ಷಣ ಮುಖಕ್ಕೆ ವಾಪಸು ಬಂತು. ಅಷ್ಟಾದರೂ ಹೇಳಿತಲ್ಲ ಅನ್ನಿಸಿತು. ಮುಳಬಾಗಿಲಿನವನಿಂದ ಹೊಸ ವಿಳಾಸ ಕೇಳಿ ಮತ್ತೆ ಕಳಿಸಿದೆ.

ಸ್ವಲ್ಪ ಹೊತ್ತಿಗೆ ಯಾವುದೋ ನಂಬರಿನಿಂದ ಶ್ರೀನಿವಾಸಪುರದವನೇ ಮಾತಾಡಿದ. "ಏರಾ, ನನ್ನ ಫೋನ್ ಒಡೆದೋಗೈತೆ, ಇದು ನನ್ನ ಹೆಂಡ್ತೀದು. ಈಗ ಕಂಪ್ಯೂಟರ್ ತೆಗೆದ್ರೆ ನಿನ್ನ ಮೇಲ್ ಕೂತೈತೆ. ನಮ್ಮ ಹುಳ ಹಣ್ಣಾಗಿ ತಿನ್ನೋದು ನಿಲ್ಲಿಸಿದ್ವು, ಗೂಡಿಗೆ ಬಿಟ್ಟಾಯ್ತು, ಸೊಪ್ಪು ಮಿಕ್ಕೈತೆ. ಗಾಡಿಗೆ ಹಾಕ್ಕೊಂಡು ಬರ್ತೀನಿ."

"ಬೆಳಗ್ಗೇನೇ ಜಾಲದಲ್ಲಿ ಹಾಕಿದ್ದೆ ಕಣೋ."

"ನಂಗೇನೂ ಬರ್ಲಿಲ್ವಲ್ಲ."

"ಫಾಲೋ ಮಾಡಿದ್ರೆ ತಾನೆ ಬರೋದು!"

"ನೀನು ಮಾಡಿದ್ಯೇನ್ಲಾ ನನ್ನ?"

"ಮೊದಲು ಗಾಡಿ ಹೊರಡಿಸು," ಅಂದೆ.

ದೀಪ ಹಚ್ಚುವ ಹೊತ್ತಿಗೆ ಗಾಡಿ ಬಂತು. ಅಮ್ಮ ಒಂದೆಲೆ ಮೂಸಿ, ಔಷಧಿ ವಾಸನೆಯಿಲ್ಲವೆಂದು ನೋಡಿಕೊಂಡು ತಟ್ಟೆಗಳಿಗೆ ಹರಡಿದಳು. ಹುಳ ಮುಗಿಬಿದ್ದವು. ಗೆಳೆಯ ಬಾಗಿಲಲ್ಲಿ ನಿಂತು ಹೆಂಡತಿಯ ಫೋನ್ ಒತ್ತಿದ.

"ತಗೋ, ನಾನೇ ಮೊದಲು ಮಾಡ್ದೆ. ಅಲ್ಲೋ, ನಿನ್ನ ಪುಟ ಪೂರಾ ಖಾಲಿ ಐತಲ್ಲೋ! ಏನೂ ಬರ್ದೇ ಇಲ್ವಾ?"

ಇಷ್ಟು ದಿನ ಎಲೆರೋಗದ ಮೇಲೆ ಬರೆದ ನನ್ನ ಪ್ರಬಂಧಗಳೆಲ್ಲ ನನ್ನ ಸರ್ವರಿನಲ್ಲೇ ಇದ್ದವು. ಇವತ್ತು ಚಂದಾ ಕಟ್ಟಿದವನಿಗೆ ಹಳೆಯ ಪತ್ರಿಕೆಗಳು ಬರುವುದಿಲ್ಲ.

"ಇಮೇಲ್ ಥರಾನೇ ಅಂದಿದ್ದೆಯಲ್ಲೋ?" ಒಳಗಿಂದ ಅಮ್ಮ ಕೇಳಿದಳು.

"ಸ್ವಲ್ಪ ಬೇರೆ ಅಮ್ಮ. ಏನಂದ್ರೆ..."

"ಆಮೇಲೆ ಹೇಳೀವಂತೆ," ಎಂದು ನನ್ನ ಎರಡು ಕೈಗೂ ಸೊಪ್ಪು ತುಂಬಿದಳು. "ಆ ಮೂಲೆ ತಟ್ಟೆಗೆ ಇನ್ನೂ ತಲುಪಿಲ್ಲ, ಹೋಗು."