ದುರುಗಪ್ಪನಿಗೊಂದು ಎಲೆ

ಹೃದಯದ ತೊಂದರೆ ಇದೆ ಎಂದು ದಾವಣಗೆರೆಯ ಡಾಕ್ಟರು ಹೇಳಿದ ದಿನ ನಮ್ಮಜ್ಜಿ ಭೀಮಕ್ಕ ಅಳಲಿಲ್ಲ, ದೇವರನ್ನೂ ನೆನೆಯಲಿಲ್ಲ. ಜಗಳೂರಿನ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತವಳು ನನ್ನ ಪಕ್ಕೆಗೆ ಮೊಣಕೈಯಿಂದ ತಿವಿದು, "ಪುಷ್ಪಾ, ನಾನು ಎಡೆ ಉಣ್ಣೋಳಾಗೋದ್ರೊಳಗೆ ನಮ್ಮಪ್ಪಂದು ಒಂದು ತೀರ್ಮಾನ ಆಗ್ಬೇಕು ನೋಡು" ಅಂದಳು.

ಅವರಪ್ಪ ಎಂದರೆ ನನ್ನ ಮುತ್ತಜ್ಜ ದುರುಗಪ್ಪ. ಪಿತೃಪಕ್ಷದ ಅಮಾವಾಸ್ಯೆಗೆ ನಮ್ಮಲ್ಲಿ ಸತ್ತ ಹಿರಿಯರಿಗೆಲ್ಲ ಒಂದೊಂದು ಬಾಳೆಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಎಡೆಯಾಗಿ ಬಡಿಸಿ, ಹೆಸರು ಹಿಡಿದು ಊಟಕ್ಕೆ ಕರೆಯುತ್ತಾರೆ. ಕುಡಿದು ಬಾವಿಗೆ ಬಿದ್ದ ದೊಡ್ಡಜ್ಜನಿಗೂ ಎಲೆಯಿದೆ. ಅವನ ಎಲೆಯ ಪಕ್ಕ ಒಂದು ಕ್ವಾರ್ಟರ್ ಬಾಟಲಿಯನ್ನೂ ಇಡುತ್ತಾರೆ. ದುರುಗಪ್ಪನಿಗೆ ಮಾತ್ರ ಎಲೆಯಿಲ್ಲ, ಏಕೆಂದರೆ ಅವನು ಸತ್ತನೋ ಬಿಟ್ಟು ಹೋದನೋ ಯಾರಿಗೂ ಗೊತ್ತಿಲ್ಲ.

ಗೊತ್ತಿರುವುದು ಇಷ್ಟೇ. ಅಜ್ಜಿ ಇನ್ನೂ ಚಿಕ್ಕವಳಿದ್ದಾಗ ಭದ್ರಾ ನಾಲೆ ಅಗೆಯುವುದಕ್ಕೆ ನಮ್ಮ ಕಡೆಯಿಂದ ಒಂದು ಗ್ಯಾಂಗು ಚನ್ನಗಿರಿ ಕಡೆಗೆ ಹೋಯಿತು. ನಮ್ಮೂರಿಂದ ಅದರ ಜೊತೆ ದುರುಗಪ್ಪನೊಬ್ಬನೇ ಹೆಗಲಿಗೆ ಗುದ್ದಲಿ ಹಾಕಿಕೊಂಡು ಹೋದ. ಆಮೇಲೆ ಅವನು ಬರಲಿಲ್ಲ, ಅಕ್ಕಿ ಬಂತು. ವರ್ಷಕ್ಕೊಮ್ಮೆ ದೀಪಾವಳಿ ಮುಂದೆ ಎಡಗಿವಿ ಹರಿದಿದ್ದ ಒಬ್ಬ ಮನುಷ್ಯ ಅಕ್ಕಿ ಚೀಲ ಹೊತ್ತು ಬಂದು, "ದುರುಗಪ್ಪ ಕಳಿಸ್ಯಾನೆ, ಅವನಿಗೆ ಬರಾಕೆ ಬಿಡುವಿಲ್ಲ" ಎಂದು ಹೇಳಿ, ನೀರು ಕುಡಿದು ಹೋಗುತ್ತಿದ್ದ. ಜೋಳದ ಸೀಮೆಯಲ್ಲಿ ಆಗ ಅಕ್ಕಿ ಅಂದರೆ ಹಬ್ಬ. ಆ ಅಕ್ಕಿಯೂ ಒಂದು ವರ್ಷ ನಿಂತಿತು. ಅಜ್ಜಿಯ ಅವ್ವ ಕೆಂಚಮ್ಮ ಒಂದೆರಡು ದೀಪಾವಳಿ ದಾರಿ ನೋಡಿ, "ಆ ಭಾಡ್ಯಾ ಅಲ್ಲೇ ಇನ್ನೊಬ್ಬಳನ್ನ ಕಟ್ಕೊಂಡಾನೆ" ಎಂದು ತೀರ್ಮಾನ ಮಾಡಿದಳು. ಅವನಿಗೆ ಈ ಮನೆಯಲ್ಲಿ ಯಾವತ್ತೂ ಎಡೆ ಇಡಬಾರದು ಎಂದು ಮಗಳಿಂದ ಆಣೆ ಹಾಕಿಸಿಕೊಂಡಳು. ತಾನು ಮಾತ್ರ ಸಾಯುವವರೆಗೂ ಕೈತುಂಬ ಬಳೆ ಇಟ್ಟುಕೊಂಡೇ ಇದ್ದಳು, ಊರಿನ ಹೆಂಗಸರು ಹಿಂದಿನಿಂದ ಏನೇ ಅಂದರೂ.

"ಬಿಟ್ಟು ಹೋಗಿದ್ರೆ ಅವ್ವನ ಆಣೆ ನಡೀಲಿ" ಅಂದಳು ಅಜ್ಜಿ. "ಸತ್ತಿದ್ರೆ ಮಾತ್ರ, ಇಷ್ಟು ವರ್ಷ ನಮ್ಮಪ್ಪನ್ನ ನಾನೇ ಉಪವಾಸ ಕೂರಿಸಿದಂಗಾಯ್ತಲ್ಲೇ."

ನನಗೆ ಮೊದಲೇ ಕೂತಲ್ಲಿ ಕೂರಲಾಗದ ರೋಗ. ಜಗಳೂರು ಬಸ್ ಸ್ಟ್ಯಾಂಡ್ ಹತ್ತಿರ ಟೈಲರಿಂಗ್ ಅಂಗಡಿ ನನ್ನದು, ಒಂದು ರವಿಕೆ ಹೊಲಿಯುವಷ್ಟರಲ್ಲಿ ಮೂರು ಸಲ ಎದ್ದು ಬಾಗಿಲಿಗೆ ಹೋಗಿ ಬರುವವಳು ನಾನು. ಅಜ್ಜಿ ಹೀಗೆ ಅಂದ ಮೇಲೆ ಮಿಷನ್ ಮುಂದೆ ಕೂರುವುದೇ ಕಷ್ಟವಾಯಿತು. ಕತ್ತರಿ ಹಿಡಿದರೆ ಅವನು ಆಗಲೇ ಸತ್ತಿದ್ದ ಅನ್ನಿಸುವುದು, ಇಸ್ತ್ರಿ ಹಿಡಿದರೆ ಬದುಕಿ ಚೆನ್ನಾಗಿ ಉಂಡು ಮಲಗಿದ್ದ ಅನ್ನಿಸುವುದು. ಪಂಚಾಯಿತಿಯಲ್ಲಿ ಹಳೆಯ ಮರಣದ ರಿಜಿಸ್ಟರು ತೆಗೆಸಿ ನೋಡಿದೆ. ಅವನ ಹೆಸರಿರಲಿಲ್ಲ. ಇರುತ್ತದೆ ಎಂದು ನಾನೂ ನಂಬಿರಲಿಲ್ಲ, ಆದರೂ ಸಿಟ್ಟು ಬಂತು.

ಅವರಿವರನ್ನು ಕೇಳುತ್ತಾ ಹೋದಾಗ ಬಸವಾಪಟ್ಟಣದ ನಾಗರಾಜಪ್ಪನವರ ಫೋನ್ ನಂಬರು ಸಿಕ್ಕಿತು. ಅವರ ತಂದೆ ನಾಲೆ ಕೆಲಸದಲ್ಲಿ ಗುಮಾಸ್ತರಾಗಿದ್ದವರು. ಕೆಲಸ ಮುಗಿದ ಮೇಲೆ ಬೇಡವಾದ ಹಾಜರಿ ಹಾಳೆಗಳಲ್ಲಿ ಒಂದಷ್ಟನ್ನು ಮನೆಗೆ ತಂದು ಅಟ್ಟದ ಮೇಲಿಟ್ಟಿದ್ದರಂತೆ. ನಾನು ಹೋದಾಗ ನಾಗರಾಜಪ್ಪ ಗಂಟನ್ನು ಇಳಿಸಿ, ಧೂಳು ಕೊಡವಿ, ಜಗುಲಿಯ ಮೇಲೆ ಹರಡಿಕೊಂಡು ಕೂತಿದ್ದರು.

"ಕೂತ್ಕಳ್ರಮ್ಮ, ಮೊದಲು ಟೀ ಕುಡೀರಿ. ಅರವತ್ತು ವರ್ಷ ಸುಮ್ನಿದ್ದ ಮನುಷ್ಯ, ಟೀ ಕುಡಿಯೋದ್ರೊಳಗೆ ಎಲ್ಲಿಗೂ ಓಡಿ ಹೋಗಲ್ಲ" ಅಂದರು.

ಟೀ ಲೋಟ ಪಕ್ಕಕ್ಕಿಟ್ಟು ಹುಡುಕಿದೆ. ಒಂದು ಹಾಳೆಯಲ್ಲಿ ಸಿಕ್ಕಿತು: ದುರುಗಪ್ಪ ಬಿನ್ ಓಬಪ್ಪ, ಜಗಳೂರು ತಾಲ್ಲೂಕು. ಮುಂದೆ ಹೆಬ್ಬೆಟ್ಟಿನ ಗುರುತು. ಮಸಿ ಮಾಸಿ ಕಂದು ಬಣ್ಣಕ್ಕೆ ತಿರುಗಿತ್ತು, ಗೆರೆಗಳು ಮಾತ್ರ ಹಾಗೇ ಇದ್ದವು. ಅದರ ಪಕ್ಕ ನನ್ನ ಹೆಬ್ಬೆರಳಿಟ್ಟು ನೋಡಿದೆ. ನಮ್ಮ ಮನೆಯಲ್ಲಿ ಆ ಮನುಷ್ಯನ ಒಂದು ಫೋಟೋ ಇಲ್ಲ, ಒಂದು ಪಂಚೆ ಇಲ್ಲ. ಬೆರಳಾದರೂ ಸಿಕ್ಕಿತಲ್ಲ ಎಂದು ಕಣ್ಣು ತುಂಬಿ ಬಂತು.

ಬಂದ ಕಣ್ಣೀರು ಬಂದ ಹಾಗೇ ಹೋಯಿತು. ಏಕೆಂದರೆ ಹಾಳೆ ಮಗುಚಿದಂತೆಲ್ಲ ಆ ಹೆಸರು ಬರುತ್ತಲೇ ಇತ್ತು. ಅಕ್ಕಿ ನಿಂತ ವರ್ಷವೂ ಇತ್ತು, ಅದರ ಮುಂದಿನ ವರ್ಷವೂ ಇತ್ತು, ಕೆಲಸ ಮುಗಿಯುವವರೆಗೂ ಇತ್ತು. ಆಸಾಮಿ ಗಟ್ಟಿಮುಟ್ಟಾಗಿ ಅಲ್ಲೇ ಅಗೆಯುತ್ತಿದ್ದ.

"ಈ ಗ್ಯಾಂಗಿನೋರು ಆಮೇಲೆ ಎಲ್ಲಿಗೆ ಹೋದ್ರು?" ಅಂದೆ.

"ಕೆಲವರು ನ್ಯಾಮತಿ ಕಡೆ ಹೋಗಿ ನೆಲೆ ನಿಂತ್ರು ಅಂತ ನಮ್ಮಪ್ಪ ಹೇಳ್ತಿದ್ರು. ಸಿಟ್ಟಾಗ್ಬೇಡಿ ತಾಯಿ, ಹಾಜರಿ ನೋಡಿ ಮನುಷ್ಯನ್ನ ಅಳೀಬಾರದು."

ನಾನು ಅಳೆದಾಗಿತ್ತು. ಅಲ್ಲಿಂದ ಸೀದಾ ಹೊನ್ನಾಳಿಗೆ ಹೋದೆ. ನ್ಯಾಮತಿ ತಾಲ್ಲೂಕಾದದ್ದು ಮೊನ್ನೆ ಮೊನ್ನೆ, ಅಲ್ಲಿನ ಹಳೆಯ ಕಾಗದಪತ್ರ ಹೊನ್ನಾಳಿಯಲ್ಲೇ ಇರುತ್ತವೆ ಎಂದು ಬಸ್ಸಿನಲ್ಲಿ ಯಾರೋ ಹೇಳಿದ್ದರು. ಅರ್ಜಿ ಕೊಟ್ಟು, ಎರಡು ಸಲ ಹೋಗಿ ಬಂದ ಮೇಲೆ ಮರಣದ ನಕಲು ಕೈಗೆ ಸಿಕ್ಕಿತು. ದುರುಗಪ್ಪ ಬಿನ್ ಓಬಪ್ಪ, ಕೂಲಿ, ಸ್ವಂತ ಊರು ಜಗಳೂರು ತಾಲ್ಲೂಕು, ವಾಸ ನ್ಯಾಮತಿ ಹತ್ತಿರದ ಒಂದು ಹಳ್ಳಿ. ಸತ್ತದ್ದು ನಾನು ಹುಟ್ಟುವ ಸ್ವಲ್ಪ ಮುಂಚೆ, ಮುಪ್ಪಿನಿಂದ. ಸುದ್ದಿ ಬರೆಸಿದವಳು ಮಗಳು ಉಚ್ಚಂಗೆಮ್ಮ.

ಮಗಳು. ಕೆಂಚಮ್ಮ ಹೇಳಿದ್ದೇ ನಿಜವಾಗಿತ್ತು. ಕಾಗದ ಹರಿದು ಬಿಸಾಡಿ, ಏನೂ ಸಿಗಲಿಲ್ಲ ಅಂದುಬಿಡೋಣ ಅನ್ನಿಸಿತು. ಆದರೆ ಅಜ್ಜಿಯ ಮುಂದೆ ನನ್ನ ಸುಳ್ಳು ಯಾವತ್ತೂ ನಡೆದಿಲ್ಲ. ಫೋನಿನಲ್ಲೇ ಹೇಳಿದೆ.

"ಕರ್ಕೊಂಡು ಹೋಗು" ಅಂದಳು ಅಜ್ಜಿ.

"ಎದೆ ನೋವು ಇಟ್ಕೊಂಡು ಅಷ್ಟು ದೂರ ಏನು ನೋಡಾಕೆ ಹೋಗ್ತೀಯ? ಬೈಯಾಕಾ?"

"ಹೂಂ, ಬೈಯಾಕೆ. ಅವ್ವನ ಪಾಲಿಂದೂ ಸೇರಿಸಿ ಬೈದು ಬರ್ತೀನಿ."

ನ್ಯಾಮತಿಯಲ್ಲಿ ಬಸ್ಸಿಳಿದು ಆಟೋ ಹಿಡಿದೆವು. ಅಜ್ಜಿ ದಾರಿಯುದ್ದಕ್ಕೂ ಸೆರಗಿನ ತುದಿಯನ್ನು ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಹೇಗೆ ಶುರು ಮಾಡಬೇಕು, ಏನೇನು ಅನ್ನಬೇಕು ಎಂದು ನಾನು ಒಳಗೊಳಗೇ ಜೋಡಿಸಿಕೊಳ್ಳುತ್ತಿದ್ದೆ. ಉಚ್ಚಂಗೆಮ್ಮನ ಮನೆ ಶೀಟು ಹೊದಿಸಿದ ಸಣ್ಣ ಮನೆ. ಅರವತ್ತರ ಹತ್ತಿರದ ಹೆಂಗಸು, ಮೊರದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಕೂತಿದ್ದಳು. "ಜಗಳೂರಿಂದ ಬಂದೀವಿ, ದುರುಗಪ್ಪನ ಮನೆಯೋರು" ಎಂದು ನಾನು ಗಡುಸಾಗಿ ಹೇಳಿದ್ದೇ ತಡ, ಅವಳ ಕೈ ನಿಂತಿತು. ಮೇಲೆದ್ದು ಅಜ್ಜಿಯ ಮುಖ ನೋಡಿ, "ಒಳಗೆ ಬರ್ರಿ ಅಕ್ಕಾ" ಅಂದಳು, ಬರುತ್ತೇವೆ ಎಂದು ಮೊದಲೇ ಹೇಳಿ ಕಳಿಸಿದ್ದೆವೇನೋ ಅನ್ನುವ ಹಾಗೆ.

ಒಳಗೆ ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಇತ್ತು. ಬಿಳಿ ಮೀಸೆಯ ಮುದುಕ. ಅಜ್ಜಿ ಅದರ ಮುಂದೆ ಹೋಗಿ ನಿಂತಳು. ಈಗ ಬೈಯುತ್ತಾಳೆ, ಬೈದು ಕುಸಿಯುತ್ತಾಳೆ ಎಂದು ನಾನು ಅವಳ ರಟ್ಟೆ ಹಿಡಿದುಕೊಂಡೆ. ಅವಳು ಬೈಯಲಿಲ್ಲ. ಫೋಟೋದೊಳಗಿನ ಎಡಗಿವಿಯ ಮೇಲೆ ಬೆರಳಿಟ್ಟಳು.

"ಪುಷ್ಪಾ, ಇವನು ನಮ್ಮಪ್ಪ ಅಲ್ಲ ಕಣೇ. ಅಕ್ಕಿ ತರ್ತಿದ್ದೋನು."

ಉಚ್ಚಂಗೆಮ್ಮ ಗೋಡೆಗೆ ಒರಗಿ ಕೂತಳು. ಆಮೇಲೆ ಹೇಳಿದ್ದೆಲ್ಲ ನೆಲ ನೋಡಿಕೊಂಡೇ ಹೇಳಿದಳು.

ಅವಳಪ್ಪನ ನಿಜವಾದ ಹೆಸರು ಹಾಲಪ್ಪ. ದಿಕ್ಕಿಲ್ಲದೆ ನಾಲೆ ಕೆಲಸಕ್ಕೆ ಬಂದ ಹುಡುಗನನ್ನು ದುರುಗಪ್ಪ ತನ್ನ ಗುಡಿಸಲಲ್ಲಿ ಇಟ್ಟುಕೊಂಡಿದ್ದ. ಗ್ಯಾಂಗು ಕತ್ತಲಗೆರೆ ಹತ್ತಿರ ಬಿಡಾರ ಹೂಡಿದ್ದಾಗ ದುರುಗಪ್ಪನಿಗೆ ಚಳಿಜ್ವರ ಬಂದು, ವಾರದೊಳಗೆ ಹೋಗಿಬಿಟ್ಟ. ನಾಲೆಯ ಏರಿಯ ಕೆಳಗೇ ಮಣ್ಣು ಮಾಡಿದರು. ಆಗಿನ ಗ್ಯಾಂಗುಗಳಲ್ಲಿ ಒಂದು ರೂಢಿಯಿತ್ತು: ಒಬ್ಬ ಹೋದರೆ ಹೊಸ ಹೆಸರು ಬರೆಸುವ ರಗಳೆಯಿಲ್ಲದೆ, ಇನ್ನೊಬ್ಬ ಅವನ ಹೆಸರಿಗೇ ನಿಂತು ಹೆಬ್ಬೆಟ್ಟು ಒತ್ತುತ್ತಿದ್ದ. ದುರುಗಪ್ಪನ ಹೆಸರಿಗೆ ಹಾಲಪ್ಪ ನಿಂತ. ರೇಷನ್ ಕಾರ್ಡು, ಓಟರ್ ಲಿಸ್ಟು, ಮನೆ ಸೈಟು, ಎಲ್ಲ ಆಮೇಲೆ ಅದೇ ಹೆಸರಿಗೆ ಬಂತು. ನಾನು ಬಸವಾಪಟ್ಟಣದಲ್ಲಿ ಬೆರಳಿಟ್ಟು ಅತ್ತದ್ದು ಯಾರ ಹೆಬ್ಬೆಟ್ಟಿನ ಪಕ್ಕವೋ, ಆ ದೇವರಿಗೇ ಗೊತ್ತು.

"ಹಂಗಾದ್ರೆ ಬಂದು ಹೇಳಬೇಕಿತ್ತಲ್ಲ?" ಅಂದೆ. ನನ್ನ ಸಿಟ್ಟಿಗೆ ಇನ್ನೂ ಜಾಗ ಬೇಕಿತ್ತು.

"ಹೇಳಾಕೇ ಬಂದಿದ್ದನಂತ್ರೀ. ಸಾವಿನ ಮನೆಗೆ ಬರಿಗೈಲಿ ಹೋಗಬಾರ್ದು ಅಂತ ಒಂದು ಚೀಲ ಅಕ್ಕಿ ಹೊತ್ಕೊಂಡು ಬಂದ. ಆವತ್ತು ನಿಮ್ಮನೆ ಬಾಗಿಲಾಗೆ ಬಳೆಗಾರ ಕೂತಿದ್ನಂತೆ. ನಿಮ್ಮವ್ವ ಕೈತುಂಬ ಹಸಿರು ಬಳೆ ಇಡಿಸ್ಕೊಂಡು, 'ಯಾರಪ್ಪ ನೀನು, ನಮ್ಮನೆಯೋರು ಹೆಂಗದಾರೆ' ಅಂತ ನಗ್ತಾ ಕೇಳಿದ್ಲಂತೆ. ನಮ್ಮಪ್ಪಂಗೆ ಬಾಯಿ ಬರಲಿಲ್ಲ. ಚೆನ್ನಾಗದಾನೆ, ಅಕ್ಕಿ ಕಳಿಸ್ಯಾನೆ ಅಂದುಬಿಟ್ಟ. ಮುಂದಿನ ವರ್ಷ ಹೇಳೋಣ ಅಂತ ಮತ್ತೆ ಬಂದ. ಅಕ್ಕಿ ಇಳಿಸಿದ, ಹೇಳಾಕೆ ಆಗಲಿಲ್ಲ. ಪ್ರತಿ ವರ್ಷ ಹಂಗೇ ಆಯ್ತು."

"ಆಮೇಲೆ ಯಾಕೆ ನಿಲ್ಲಿಸಿದ?"

ಉಚ್ಚಂಗೆಮ್ಮ ಅಜ್ಜಿಯ ಕಡೆ ನೋಡಿದಳು. ಉತ್ತರ ಅಜ್ಜಿಯಿಂದ ಬಂತು.

"ನಮ್ಮವ್ವನೇ ಬರಬೇಡ ಅಂದ್ಲು. ನಾನು ಬಾಗಿಲ ಹಿಂದೆ ಇದ್ದೆ. 'ಮುಂದಿನ ಸಲ ಅವನ್ನ ಕರ್ಕೊಂಡು ಬಾ, ಇಲ್ಲಾಂದ್ರೆ ನೀನೂ ಬರಬೇಡ' ಅಂದ್ಲು. ಅವನು ಹೊಸ್ತಿಲ ಮುಟ್ಟಿ ನಮಸ್ಕಾರ ಮಾಡಿ ಹೋದ. ಹೊಸ್ತಿಲ ಯಾಕೆ ಮುಟ್ಟಿದ ಅಂತ ನಂಗೆ ಆವಾಗ ತಿಳೀಲಿಲ್ಲ."

ಅಜ್ಜಿ ಅತ್ತಳು. ಬಸ್ಸಿನಲ್ಲಿ ಅಳದವಳು, ಫೋನಿನಲ್ಲಿ ಅಳದವಳು, ಯಾರದ್ದೋ ಮನೆಯ ನೆಲದ ಮೇಲೆ ಕೂತು ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. "ಉಪವಾಸ ಕೆಡವಿದೆ, ನಮ್ಮಪ್ಪನ್ನ ಉಪವಾಸ ಕೆಡವಿದೆ" ಎಂದು ಅದೊಂದನ್ನೇ ಅನ್ನುತ್ತಿದ್ದಳು. ನನಗೂ ತಡೆಯಲಾಗಲಿಲ್ಲ. ಉಚ್ಚಂಗೆಮ್ಮ ಹತ್ತಿರ ಸರಿದು ಅವಳ ಎರಡೂ ಕೈ ಹಿಡಿದುಕೊಂಡಳು.

"ಇಲ್ರೀ ಅಕ್ಕಾ, ಒಂದು ವರ್ಷವೂ ಉಪವಾಸ ಬಿದ್ದಿಲ್ಲ. ನಮ್ಮನೇಲಿ ಮೊದಲನೇ ಎಲೆ ದುರುಗಪ್ಪಂದೇ. ನಮ್ಮಪ್ಪ ಇರೋವರೆಗೂ ಅವನೇ ಇಟ್ಟ, ಆಮೇಲೆ ನಾನು ಇಡ್ತಾ ಬಂದೀನಿ. ನಮ್ಮಪ್ಪನ್ನ ಹಾಲಪ್ಪ ಅಂತ ಕರೆಯೋದು ಎರಡನೇ ಎಲೆಗೆ, ವರ್ಷಕ್ಕೆ ಅದೊಂದೇ ದಿನ."

ಅಜ್ಜಿ ಅಳು ನಿಲ್ಲಿಸಿ ಮೂಗು ಒರೆಸಿಕೊಂಡಳು. "ಏನು ಬಡಿಸ್ತಿದ್ರಿ?" ಅಂದಳು.

"ಅನ್ನ, ಹೋಳಿಗೆ, ಪಲ್ಯ. ಮನೇಲಿ ಏನಿರುತ್ತೋ ಅದು."

"ಅನ್ನ ಅವನಿಗೆ ಸೇರ್ತಿರಲಿಲ್ಲ ಅಂತ ಅವ್ವ ಹೇಳ್ತಿದ್ಲು. ರೊಟ್ಟಿ ಇಲ್ಲದೆ ಎಲೆ ಬಿಟ್ಟು ಏಳ್ತಿರಲಿಲ್ಲಂತೆ" ಅಂದಳು ಅಜ್ಜಿ, ಪಾಪ ಉಚ್ಚಂಗೆಮ್ಮನೇ ಏನೋ ದೊಡ್ಡ ತಪ್ಪು ಮಾಡಿದ್ದಾಳೆ ಅನ್ನುವ ಧ್ವನಿಯಲ್ಲಿ. ಉಚ್ಚಂಗೆಮ್ಮ ಅಳುತ್ತಲೇ ನಕ್ಕಳು. ಬಂದಾಗ ಬುಸುಗುಡುತ್ತಿದ್ದ ನನಗೂ ನಗು ಬಂತು.

ಈ ಸಲದ ಅಮಾವಾಸ್ಯೆಗೆ ಉಚ್ಚಂಗೆಮ್ಮ ಜಗಳೂರಿಗೆ ಬಂದಳು. ಚೀಲದಲ್ಲಿ ಅಕ್ಕಿ ಇತ್ತು. ಬೆಳಿಗ್ಗೆಯಿಂದ ಅಜ್ಜಿ ಒಲೆ ಮುಂದೆ ಕೂತು ರೊಟ್ಟಿ ಬಡಿದಳು, ಡಾಕ್ಟರು ಹೇಳಿದ್ದನ್ನು ನೆನಪಿಸಿದ ನನಗೆ ಸೌಟು ತೋರಿಸಿದಳು. ಕೆಂಚಮ್ಮನ ಎಲೆ ಎಂದಿನ ಜಾಗದಲ್ಲಿ. ಅದರ ಬಲಕ್ಕೆ ಹೊಸದೊಂದು ಎಲೆ, ಮೇಲೆ ಜೋಳದ ರೊಟ್ಟಿ, ಖಾರದ ಚಟ್ನಿ. ಅದರ ಆಚೆಗೆ ಇನ್ನೊಂದು ಹೊಸ ಎಲೆ, ಬಿಸಿ ಅನ್ನ. ಮುತ್ತೈದೆಯಾಗಿ ಸತ್ತವಳೆಂದು ಕೆಂಚಮ್ಮನ ಎಲೆಯ ಮುಂದೆ ಪ್ರತಿ ವರ್ಷ ಹಸಿರು ಬಳೆ ಇಡುವುದು ವಾಡಿಕೆ. ಈಗ ಅದನ್ನು ಇಡಬೇಕೋ ಬೇಡವೋ ತಿಳಿಯದೆ ನಾನು ಬಳೆ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಅಜ್ಜಿ ಅವನ್ನು ನನ್ನ ಕೈಯಿಂದ ತೆಗೆದುಕೊಂಡು, ಅವ್ವನ ಎಲೆಯ ಮುಂದೆಯೇ ಇಟ್ಟಳು.

ಆಮೇಲೆ ಹೆಸರು ಹಿಡಿದು ಕರೆಯಬೇಕು. ಎಲೆಗಳ ಮುಂದೆ ಕೈಮುಗಿದು ಕೂತ ಅಜ್ಜಿ ಮೊದಲು ಅಪ್ಪನನ್ನೂ ಕರೆಯಲಿಲ್ಲ, ಹಾಲಪ್ಪನನ್ನೂ ಕರೆಯಲಿಲ್ಲ.

"ಅವ್ವಾ" ಅಂದಳು. "ಕರ್ಕೊಂಡು ಬಾ ಅಂದಿದ್ದೆಯಲ್ಲ, ಕರ್ಕೊಂಡು ಬಂದಾನೆ ನೋಡು. ಇಬ್ಬರೂ ಹಸಿದಾರೆ, ಬೈಬೇಡ."